ಒಂಬತ್ತು ದಿನದ ಎಣ್ಣೆ

ಹನ್ನೊಂದು ವರ್ಷ ಈ ಊರಿನಲ್ಲಿ ಯಾರೂ ನನ್ನ ಜೊತೆ ಜಗಳವಾಡಲಿಲ್ಲ. ಕೇಳಿದವರು ಪುಣ್ಯವಂತೆ ಅನ್ನಬಹುದು. ಹಾಗನ್ನುವವರು ಒಂದು ತಿಂಗಳು ನನ್ನ ಜಾಗದಲ್ಲಿ ಕೂತು ನೋಡಲಿ. ಕಿರಾಣಿ ಅಂಗಡಿಯವನು ಹುಳ ಹಿಡಿದ ತೊಗರಿಬೇಳೆ ಕೊಟ್ಟಾಗ ನಾನು ಬಾಯಿಗೆ ಬಂದಂತೆ ಬೈದರೆ ಅವನು ಹಲ್ಲು ಕಿರಿದು, “ನೀವು ಬೈದ್ರೂ ಛಲೋನ ಅನಸ್ತೈತ್ರಿ ಅಕ್ಕಾರ” ಅನ್ನುತ್ತಾನೆ. ಗೋಡೆಗೆ ಕಲ್ಲು ಹೊಡೆದರೆ ಸದ್ದಾದರೂ ಬರುತ್ತದೆ. ನಾನು ದ್ಯಾಮವ್ವ, ಊರಿನ ಎಣ್ಣೆ ತೊಟ್ಟಿ ನೋಡಿಕೊಳ್ಳುವವಳು. ಹುಟ್ಟಿನಿಂದಲೇ ಸಿಡುಕಿ. ಅಂಥವಳಿಗೆ ಈ ಊರು ಹನ್ನೊಂದು ವರ್ಷ ಬರೀ ನಗುಮುಖ ತೋರಿಸಿದೆ.

ನಮ್ಮೂರು ಬಟ್ಟಲಿನ ತಳದಲ್ಲಿರುವ ಊರು. ಸುತ್ತ ಗುಡ್ಡ. ಹೊರಗೆ ಹೋಗಬೇಕೆಂದರೆ ಹದಿನೆಂಟು ತಿರುವಿನ ಏರು ಹತ್ತಬೇಕು. ಒಂದು ಸಲ ಬಂದ ಡೀಸೆಲ್ ಟ್ಯಾಂಕರಿನವನು ಆ ದಾರಿಗೆ ಕೈಮುಗಿದು ಹೋದ, ಮತ್ತೆ ಬರಲಿಲ್ಲ. ಆಮೇಲೆ ಒಬ್ಬರು ವಿಜ್ಞಾನಿ ಮೇಡಂ ಬಂದರು. ಮೊಸರಿಗೆ ಹೆಪ್ಪು ಒಯ್ಯುವ ಹಾಗೆ ಸ್ಟೀಲಿನ ಡಬ್ಬಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳ ಹೆಪ್ಪು ತಂದಿದ್ದರು. ಜೋಳದ ಕಣಿಕೆ, ಶೇಂಗಾ ಸಿಪ್ಪೆ, ಕಬ್ಬಿನ ರವದಿ, ಮೊದಲು ಹೊಲದಲ್ಲೇ ಸುಟ್ಟುಹಾಕುತ್ತಿದ್ದ ಈ ಕಸವನ್ನೆಲ್ಲ ಕುಟ್ಟಿ, ಸುಣ್ಣದ ನೀರಿನಲ್ಲಿ ಕುದಿಸಿ, ಆರಿಸಿ, ತೊಟ್ಟಿಗೆ ಹಾಕಿ ಹೆಪ್ಪು ಬಿಟ್ಟರೆ, ಆ ಜೀವಿಗಳು ದಂಟಿನೊಳಗಿನ ಸಕ್ಕರೆ ತಿಂದು ಎಣ್ಣೆ ಬಿಡುತ್ತವೆ. ಒಂಬತ್ತನೇ ದಿನಕ್ಕೆ ಅದು ಕೆನೆ ಕಟ್ಟಿದ ಹಾಗೆ ಮೇಲೆ ನಿಲ್ಲುತ್ತದೆ. ಇಳಿಸಿ, ಸೋಸಿ, ಕ್ಯಾನಿಗೆ ತುಂಬಿದರೆ ಮುಗಿಯಿತು. ಲೀಟರಿಗೆ ಒಂದು ಕಪ್ ಚಹಾದ ದುಡ್ಡು. ಊರಿನ ಬಸ್ಸು, ಜೀಪು, ಹಿಟ್ಟಿನ ಗಿರಣಿ, ನೀರೆತ್ತುವ ಎಂಜಿನ್, ದವಾಖಾನೆಯ ಜನರೇಟರ್, ಎಲ್ಲ ನಡೆಯುವುದು ತಿಂಗಳಿಗೊಂದು ಸಲ ತೆಗೆಯುವ ಈ ಎಣ್ಣೆಯಿಂದಲೇ.

ಮೇಡಂ ಒಂದು ವಹಿ ಬರೆದುಕೊಟ್ಟು ಹೋಗಿದ್ದಾರೆ. ಬಿಸಿ ಎಷ್ಟಿರಬೇಕು, ಹುಳಿ ಎಷ್ಟಿರಬೇಕು, ಎಲ್ಲ ಅದರಲ್ಲಿದೆ. ದಿನಕ್ಕೆ ಮೂರು ಸಲ ಬರಿಗೈಯಿಂದ ಕಲಕಬೇಕು, ಶುರು ಮಾಡಿದವರೇ ಮುಗಿಸಬೇಕು, ನಡುವೆ ಕೈ ಬದಲಾದರೆ ಹೆಪ್ಪು ಸಾಯುತ್ತದೆ ಎಂದೂ ಇದೆ. ಕಲಕುವವರ ಮನಸ್ಸು ಎಣ್ಣೆಗೆ ಇಳಿಯುತ್ತದೆ ಎಂದು ಮಾತ್ರ ಎಲ್ಲಿಯೂ ಬರೆದಿಲ್ಲ. ಅದನ್ನು ನಾವೇ ಕಂಡುಕೊಂಡೆವು. ನಾನು ಖುಷಿಯಲ್ಲಿದ್ದ ತಿಂಗಳು ಗಿರಣಿ ಒಂದೇ ಜಗ್ಗಿಗೆ ಶುರುವಾಗುತ್ತದೆ. ಮೊದಲ ವರ್ಷ ಅದೇ ಕಿರಾಣಿಯವನ ಮೇಲೆ ಸಿಟ್ಟು ಮಾಡಿಕೊಂಡು ಕಲಕಿದ್ದೆ. ಆ ತಿಂಗಳು ಬಸ್ಸು ಅರ್ಧ ಹೊತ್ತಿಗೆ ಏರು ಹತ್ತಿತು, ಸೈಲೆನ್ಸರ್ ಒಡೆಯಿತು, ಮುಂದಿನ ಸೀಟಿನವರ ಬುತ್ತಿಗಂಟುಗಳು ಹಾರಿ ಹಿಂದಿನ ಗಾಜಿಗೆ ಬಡಿದವು. ದುಃಖದಲ್ಲಿ ಕಲಕಿದರೆ ಎಂಜಿನ್ ಏರಿನ ನಡುವೆ ನಿಟ್ಟುಸಿರು ಬಿಟ್ಟು ನಿಂತುಬಿಡುತ್ತದೆ. ಬೇರೆ ಇಬ್ಬರು ಹೆಂಗಸರನ್ನು ಕೂರಿಸಿ ನೋಡಿದರು, ಅವರ ಕೈಗೆ ಹೆಪ್ಪು ಒಗ್ಗಲೇ ಇಲ್ಲ.

ಆಗ ಊರಿನ ಹಿರಿಯರಾದ ಗುರುಬಸಪ್ಪನವರು ಸಭೆ ಸೇರಿಸಿ ಒಂದು ಕಟ್ಟು ಮಾಡಿದರು. ಹೆಪ್ಪು ಬಿಟ್ಟ ದಿನದಿಂದ ಒಂಬತ್ತು ದಿನ ದ್ಯಾಮವ್ವನಿಗೆ ಕೆಟ್ಟ ಸುದ್ದಿ ಹೇಳಬಾರದು, ಅವಳೆದುರು ಅಳಬಾರದು, ಅವಳಿಗೆ ಎದುರಾಡಬಾರದು. ಬರಬರುತ್ತಾ ಉಳಿದ ದಿನಗಳಲ್ಲೂ ನನಗೆ ಎದುರಾಡುವವರು ಇಲ್ಲವಾದರು. ಅಂದಿನಿಂದ ಆ ಒಂಬತ್ತು ದಿನ ಶವ ಒಯ್ಯುವವರು ಹಲಗೆ ಬಾರಿಸದೆ ಹಿಂದಿನ ಓಣಿಯಿಂದ ಹೋಗುತ್ತಾರೆ. ಗಂಡ ಹೆಂಡತಿ ಕಿತ್ತಾಡುವುದಿದ್ದರೆ ಗಿರಣಿ ನಡೆಯುವ ಹೊತ್ತು ನೋಡಿಕೊಂಡು ಗಿರಣಿಯ ಹಿಂದೆ ಹೋಗಿ ಕಿತ್ತಾಡುತ್ತಾರೆ. ಪರೀಕ್ಷೆಯಲ್ಲಿ ನಪಾಸಾದ ಹುಡುಗಿಯರು ನನ್ನ ಬಾಗಿಲ ಮುಂದೆ ನಗುತ್ತಾ ದಾಟಿ, ಓಣಿ ತಿರುಗಿದ ಮೇಲೆ ಮತ್ತೆ ಅಳು ಶುರು ಮಾಡುತ್ತಾರೆ. ಹತ್ತನೇ ದಿನ ಬೆಳಿಗ್ಗೆ ನನ್ನ ಮನೆ ಮುಂದೆ ಸಾಲು ನಿಲ್ಲುತ್ತದೆ. ಯಾರದೋ ಅತ್ತೆ ತೀರಿಕೊಂಡದ್ದು, ಯಾರದೋ ಗೋಡೆ ಬಿದ್ದದ್ದು, ಯಾರದೋ ಸಂಬಂಧ ಮುರಿದದ್ದು, ಎಲ್ಲವನ್ನೂ ಒಬ್ಬೊಬ್ಬರಾಗಿ ಬಂದು ಹೇಳುತ್ತಾರೆ. ನಾನು ಒಂದೇ ದಿನದಲ್ಲಿ ಎಲ್ಲರಿಗೂ ಅತ್ತು ಮುಗಿಸಬೇಕು.

ಹೀಗಿರುವಾಗ ಒಂದು ತಿಂಗಳು ನನ್ನ ಎಮ್ಮೆ ಸತ್ತಿತು, ಅದೂ ನಾಲ್ಕನೇ ದಿನ. ನಾನು ತೊಟ್ಟಿಯ ಹತ್ತಿರ ಇದ್ದಾಗ ಅದನ್ನು ಎಳೆದೊಯ್ದು, ಅದೇ ಬಣ್ಣದ, ಅಂಥದೇ ಕೋಡಿನ ಇನ್ನೊಂದನ್ನು ತಂದು ಕಟ್ಟಿದ್ದರು. ಸಂಜೆ ಹಾಲು ಹಿಂಡಲು ಕೂತರೆ ಅದು ಜಾಡಿಸಿ ಒದೆಯಿತು. ಹದಿನಾಲ್ಕು ವರ್ಷದಲ್ಲಿ ನನ್ನ ಎಮ್ಮೆ ನನಗೆ ಕಾಲೆತ್ತಿರಲಿಲ್ಲ. ತಂಬಿಗೆ ಅಲ್ಲೇ ಬಿಟ್ಟು ಅತ್ತೆ. ಐದು ದಿನ ಅಳುತ್ತಲೇ ಕಲಕಿದೆ. ಆ ಎಣ್ಣೆಯಲ್ಲಿ ಬಸ್ಸು ಏಳನೇ ತಿರುವು ದಾಟಲೇ ಇಲ್ಲ, ತಿಂಗಳಿಡೀ ತಳದ ಹಳ್ಳಿಗಳಿಗೆ ಮಾತ್ರ ತೆವಳಿಕೊಂಡು ಓಡಾಡಿತು.

ಬಸ್ಸಿನ ಡ್ರೈವರ್ ನನ್ನ ತಮ್ಮ, ಫಕೀರಪ್ಪ. ಅವನಿಗೆ ನಾಲ್ಕು ವರ್ಷವಿದ್ದಾಗ ಅವ್ವ ಹೋದಳು. ಬೆಳೆಸಿದವಳು ನಾನು. ಅವನ ಮದುವೆ ಮಾಡಿ, ನಾಲ್ಕು ಓಣಿ ಆಚೆ ಮನೆ ಮಾಡಿಕೊಟ್ಟು, ನಾನು ತೊಟ್ಟಿಯ ಪಕ್ಕದ ಮನೆಯಲ್ಲಿ ಉಳಿದೆ. ದಿನಾ ಸಂಜೆ ಬಸ್ಸು ಊರೊಳಗೆ ಬರುವಾಗ ಅವನು ನನ್ನ ಮನೆಯ ಮೂಲೆಯಲ್ಲಿ ಮೂರು ಸಲ ಹಾರ್ನ್ ಹೊಡೆಯುತ್ತಾನೆ. ಎರಡು ಉದ್ದ, ಮೂರನೆಯದು ತುಂಡು. ಯಾಕೆಂದರೆ ಮೂರನೆಯದಕ್ಕೆ ಬಸ್ಸು ತಿರುವಿಗೆ ಬಂದಿರುತ್ತದೆ, ಅವನು ಕೈ ತೆಗೆದು ಸ್ಟೇರಿಂಗ್ ಹಿಡಿಯಬೇಕು. ನಾನು ಒಳಗಿನಿಂದ “ಹೋಗೋ ಸಾಕು” ಅನ್ನುತ್ತೇನೆ. ಅಕ್ಕ ತಮ್ಮಂದಿರ ಮಾತುಕತೆ ಅಷ್ಟೇ.

ಮರುತಿಂಗಳು, ಹೆಪ್ಪು ಬಿಟ್ಟ ಐದನೇ ದಿನ ಸಂಜೆ ಹಾರ್ನ್ ಕೇಳಲಿಲ್ಲ.

ಕತ್ತಲಾಗುವ ಮುಂಚೆ ಗುರುಬಸಪ್ಪನವರು ಬಂದರು. ಕರೆಯದೆ ಬರುವ ಮನುಷ್ಯ ಅವರಲ್ಲ. “ಬಸ್ಸಿನ ಗಾಲಿ ಪಂಚರ್ ಆಗೇತ್ರಿ ಅಕ್ಕಾರ. ಫಕೀರಪ್ಪ ಕೆಳಗಿನ ಹಳ್ಳ್ಯಾಗ ಉಳದಾನ, ನಾಳೆ ಬರ್ತಾನ,” ಎಂದು ಹೇಳಿ ಜೋರಾಗಿ ನಕ್ಕರು. ಪಂಚರಿನಲ್ಲಿ ನಗುವಂಥದ್ದು ಏನಿದೆ? ಆಮೇಲೆ ಅವರು ಯಾವುದೋ ಅಳಿಯನ ಕಥೆ ಹೇಳಿದರು, ನಡುವೆ ಮರೆತರು, ಮತ್ತೆ ಮೊದಲಿನಿಂದ ಹೇಳಿದರು. ಹೋಗುವಾಗ ಹೆಗಲ ಮೇಲಿನ ಟವಲನ್ನು ಕಟ್ಟೆಯ ಮೇಲೆ ಮರೆತು ಹೋದರು. ಅದರ ಅಂಚಿಗೆ ಕಂದು ಕಲೆಯಿತ್ತು. ಎಲೆ ಅಡಿಕೆಯ ಕಲೆ ಇರಬೇಕು ಎಂದುಕೊಂಡೆ. ಹಾಗೆಂದುಕೊಳ್ಳದೆ ಬೇರೆ ದಾರಿ ಇರಲಿಲ್ಲ, ಕಲಕುವ ಹೊತ್ತಾಗಿತ್ತು.

ಆರನೇ ದಿನ ಇಡೀ ಊರು ನನ್ನ ಮೇಲೆ ಪ್ರೀತಿ ಸುರಿಯಿತು. ಹೋಟೆಲಿನಿಂದ ಕೇಳದೆಯೇ ಬೆಲ್ಲದ ಚಹಾ ಬಂತು. ಹೂವಿನವಳು ಒಂದು ಮೊಳ ಹೆಚ್ಚಿಗೆ ಹಾಕಿದಳು. ಕಿರಾಣಿಯವನು ತೊಗರಿಬೇಳೆಯನ್ನು ತಾನೇ ಆರಿಸಿ ತಂದುಕೊಟ್ಟ. ಹೋದ ತಿಂಗಳು ಎಮ್ಮೆ ಸತ್ತಾಗಲೂ ಇಷ್ಟು ಸಕ್ಕರೆ ಸುರಿದಿರಲಿಲ್ಲ.

ಸಂಜೆ ಹಾರ್ನ್ ಕೇಳಿತು. ಪೋಂ. ಪೋಂ. ಪೋಂ. ನಾನು “ಹೋಗೋ” ಎನ್ನಲು ಬಾಯಿ ತೆರೆದವಳು ಹಾಗೇ ನಿಂತೆ. ಮೂರನೆಯದು ಪೂರ್ತಿ ಇತ್ತು. ಮೊದಲ ಎರಡರಷ್ಟೇ ಉದ್ದ, ಅಳೆದು ಹೊಡೆದ ಹಾಗೆ. ಕಿಟಕಿಯ ಸಂದಿನಿಂದ ನೋಡಿದೆ. ಬಸ್ಸು ಬರುತ್ತಿತ್ತು, ಆದರೆ ಎಂಜಿನ್ ಸದ್ದೇ ಇರಲಿಲ್ಲ. ಹಿಂದೆ ಇಪ್ಪತ್ತು ಮೂವತ್ತು ಜನ ಚಪ್ಪಲಿ ಬಿಚ್ಚಿಟ್ಟು, ಉಸಿರು ಬಿಗಿಹಿಡಿದು ಅದನ್ನು ತಳ್ಳುತ್ತಿದ್ದರು. ಗುರುಬಸಪ್ಪನವರು ಧೋತರ ಮೇಲೆ ಕಟ್ಟಿಕೊಂಡು ಭುಜ ಕೊಟ್ಟಿದ್ದರು. ಸ್ಟೇರಿಂಗ್ ಹಿಂದೆ ಕೂತಿದ್ದವನು ಮೆಕ್ಯಾನಿಕ್ ಇಮಾಮಸಾಬ. ನನ್ನ ಮನೆಯ ಮುಂದೆ ಬಂದಾಗ ಅಷ್ಟೂ ಜನ, ನಾನು ನೋಡುತ್ತಿದ್ದರೆ ಇರಲಿ ಎಂದೋ ಏನೋ, ಕಿಟಕಿಯ ಕಡೆಗೆ ನಗುಮುಖ ಮಾಡಿದರು.

ಎಮ್ಮೆ ಬದಲಿಸಿದ ಹಾಗೆ ತಮ್ಮನನ್ನೂ ಬದಲಿಸಿ ಕಟ್ಟಿದ್ದರು. ಗೋಡೆ ಹಿಡಿದು ಕೂತೆ. ಸತ್ತಿದ್ದಾನೆಯೇ? ಈ ಮಾತು ಮನಸ್ಸಿಗೆ ಬಂದ ಕೂಡಲೇ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ, ತೊಟ್ಟಿ ಹತ್ತು ಮಾರು ದೂರ ಇದ್ದರೂ.

ಏಳನೇ ದಿನ ಬೆಳಿಗ್ಗೆ ತಮ್ಮನ ಹೆಂಡತಿ ರೇಣವ್ವ ಬಂದಳು. ಕೈಯಲ್ಲಿ ಡಬ್ಬಿ, ಮುಖದ ಮೇಲೆ ನಗು. ನಾನು ಮೊದಲು ನೋಡಿದ್ದು ಅವಳ ಕುತ್ತಿಗೆ. ತಾಳಿ ಇತ್ತು. ಹಣೆ ನೋಡಿದೆ, ಕುಂಕುಮ ಇತ್ತು. ಬಳೆಗಳೂ ಇದ್ದವು. ಬದುಕಿದ್ದಾನೆ ಅಂದುಕೊಂಡು ಉಸಿರು ಬಿಟ್ಟೆ.

“ಮಾದಲಿ ಮಾಡಿದ್ದೆ ಅಕ್ಕಾರ, ನಿಮಗ ಸೇರತೈತಲ್ಲ,” ಎಂದಳು.

“ಅಂವ ಎಲ್ಲಿ?”

“ಟೈರ್ ತರಾಕ ಹೋಗ್ಯಾರ್ರಿ. ನಾಕು ದಿನ ಆಗತೈತಿ ಅಂದಾರ. ನನಗೂ ಅಷ್ಟ ಆರಾಮ, ಅಡಗಿ ಕೆಲಸ ಕಡಿಮಿ!” ಎಂದು ನಕ್ಕಳು. ಡಬ್ಬಿಯ ಮುಚ್ಚಳ ತೆಗೆಯಲು ನೋಡಿದಳು, ಅದು ಬರಲಿಲ್ಲ. ಕಣ್ಣಿನ ಕೆಳಗೆ ಎರಡು ದಿನದ ನಿದ್ದೆಗೇಡು ಕಪ್ಪಾಗಿ ಕೂತಿತ್ತು. ಅವಳ ಸೆರಗಿಗೆ ದವಾಖಾನೆಯ ಔಷಧದ ವಾಸನೆ ಇತ್ತು. ಗಂಡ ಅಲ್ಲಿ ಬಿದ್ದಿರುವಾಗ ಇವಳು ಇಲ್ಲಿ ಹಲ್ಲು ತೋರಿಸಿಕೊಂಡು ನನಗೆ ಸಿಹಿ ತಿನ್ನಿಸುತ್ತಿದ್ದಾಳೆ. ನಾನೇ ಮುಚ್ಚಳ ತೆಗೆದೆ. ಎರಡು ತುತ್ತು ತಿಂದೆ. “ಛಲೋ ಆಗೇತಿ” ಅಂದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ದೇವರಾಣೆ ಹೇಳುತ್ತೇನೆ, ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

ಅವಳು ಹೋದ ಮೇಲೆ ಇಮಾಮಸಾಬನ ಶೆಡ್ಡಿಗೆ ಹೋದೆ. ಅವನು ಜೀಪಿನ ಕೆಳಗೆ ಮಲಗಿದ್ದ. ನನ್ನ ಕಾಲು ಕಂಡ ಕೂಡಲೇ ಒಳಗಿನಿಂದಲೇ, “ಏನ್ ಛಲೋ ಬಿಸಿಲು ಬಿದ್ದೈತ್ರಿ ಅಕ್ಕಾರ ಇವತ್ತ!” ಎಂದ.

“ಹೊರಗ ಬಾ. ನಿನ್ನಿ ಹಾರ್ನ್ ಹೊಡದದ್ದು ನೀನ. ಮೂರನೇದು ಪೂರ್ತಿ ಹೊಡದಿ. ಅಂವ ಮೂರನೇದು ತುಂಡ ಹೊಡಿತಾನ, ಇಷ್ಟು ವರ್ಷ ಕೇಳಿ ಅದೂ ಗೊತ್ತಿಲ್ಲೇನು ನಿನಗ? ಈಗ ಖರೇ ಹೇಳು.”

ಅವನು ಹೊರಗೆ ಬಂದು ಕೈ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ. “ಹೇಳಿದ್ರ ನೀವು ಅಳತೀರಿ. ನೀವು ಅತ್ರ ಅಂವ ಉಳಿಯೂದಿಲ್ರಿ ಅಕ್ಕಾರ.”

“ಹೇಳದಿದ್ರ ಇಲ್ಲೇ ಕುಂತು ಅಳತೇನಿ. ಹೇಳು.”

ಹೇಳಿದ. ಐದನೇ ದಿನ ಬಸ್ಸಿನ ಗಾಲಿ ಬಿಚ್ಚುವಾಗ ಜಾಕಿ ಜಾರಿತ್ತು. ಫಕೀರಪ್ಪನ ತೊಡೆಯ ಎಲುಬು ಮುರಿದು ಚರ್ಮ ಹರಿದು ಹೊರಗೆ ಬಂದಿತ್ತು. ಉಳಿದಿದ್ದ ಎಮ್ಮೆ ಎಣ್ಣೆಯನ್ನೆಲ್ಲ (ಊರಿನವರು ಅದನ್ನು ಹಾಗೇ ಕರೆಯುತ್ತಿದ್ದರು) ಜೀಪಿಗೆ ಸುರಿದು ಅವನನ್ನು ಗುಡ್ಡದಾಚೆಯ ದೊಡ್ಡಾಸ್ಪತ್ರೆಗೆ ಒಯ್ಯಲು ನೋಡಿದರು. ಏಳನೇ ತಿರುವಿನಲ್ಲಿ ಜೀಪು ನಿಂತಿತು. ಅವನನ್ನು ಹಿಂದಕ್ಕೆ ಹೊತ್ತು ತಂದರು, ಜೀಪನ್ನು ಮರುದಿನ ಇಳಿಸಿಕೊಂಡು ಬಂದರು. ಈಗ ಗಾಯ ಕೀವಾಗಿ ಜ್ವರ ಏರಿದೆ. ಎತ್ತಿನ ಗಾಡಿಯಲ್ಲಿ ಎರಡು ದಿನದ ದಾರಿ, ಆ ಕುಲುಕಾಟಕ್ಕೆ ಅವನು ತಾಳುವುದಿಲ್ಲ. ಒಂಬತ್ತನೇ ದಿನ ದಾಟಬಾರದು, ದಾಟಿದರೆ ಕಾಲು ಹೋಗುತ್ತದೆ, ಕಾಲಿನ ಹಿಂದೆ ಜೀವವೂ ಹೋಗುತ್ತದೆ ಎಂದು ನಮ್ಮ ದವಾಖಾನೆಯ ಕಂಪೌಂಡರ್ ಹೇಳಿದ್ದಾನಂತೆ.

“ಒಂಬತ್ತಕ್ಕ ನಿಮ್ಮ ಎಣ್ಣಿ ಬರತೈತಿ,” ಎಂದ ಇಮಾಮಸಾಬ. “ಅದನ್ನ ನಂಬಿ ಕುಂತೇವಿ. ನೀವು ಒಂದ ನಗತಾ ಇರ್ರಿ ಸಾಕು.”

ನಗುತ್ತಾ ಇರಬೇಕಂತೆ. ತೊಟ್ಟಿಗೆ ಬಂದೆ, ಮಧ್ಯಾಹ್ನದ ಸರದಿ. ನಗಲು ನೋಡಿದೆ. ಅವನು ಚಿಕ್ಕವನಿದ್ದಾಗ ಮಾಡಿದ ತಮಾಷೆಗಳನ್ನು ನೆನೆದೆ. ಗೂಟಕ್ಕೆ ಕಟ್ಟಿದ ಕುರಿಯ ಜೊತೆ ಮಾತಾಡುತ್ತಾ ಕೂತಿದ್ದ ನಾಲ್ಕು ವರ್ಷದ ಹುಡುಗ ನೆನಪಿಗೆ ಬಂದ. ಅವ್ವನನ್ನು ಹೊತ್ತೊಯ್ದ ಸಂಜೆ ಅದು. ಕೈ ಹೊರಗೆ ತೆಗೆಯುವಷ್ಟರಲ್ಲಿ ತೊಟ್ಟಿಯ ಗುಳುಗುಳು ಸದ್ದು ಸಣ್ಣದಾಗಿತ್ತು. ಸಂಜೆಗೆ ಇನ್ನೂ ಸಣ್ಣದಾಯಿತು. ಎಂಟನೇ ದಿನ ಬೆಳಿಗ್ಗೆ ನೋಡಿದರೆ ಗುಳ್ಳೆಗಳು ಒಂದೊಂದೇ, ಬೇಕೋ ಬೇಡವೋ ಎಂಬಂತೆ ಏಳುತ್ತಿದ್ದವು. ಹೋದ ತಿಂಗಳೂ ಹೀಗೇ ಆಗಿತ್ತು. ಈ ಎಣ್ಣೆಯೂ ಏಳನೇ ತಿರುವಿನಲ್ಲೇ ನಿಲ್ಲುತ್ತದೆ, ನನ್ನ ತಮ್ಮ ನನ್ನ ಕೈಯಿಂದಲೇ ಸಾಯುತ್ತಾನೆ. ಹೀಗೆ ಹೆದರಿದಷ್ಟೂ ದುಃಖ ಹೆಚ್ಚಿತು. ದುಃಖ ಹೆಚ್ಚಿದ ಹಾಗೆ ಗುಳ್ಳೆಗಳು ಇಳಿದವು.

ಖುಷಿ ನನ್ನಿಂದ ಆಗುವ ಮಾತಲ್ಲ ಎಂದು ಗೊತ್ತಾಯಿತು. ಉಳಿದದ್ದು ಒಂದೇ. ಬುತ್ತಿಗಂಟು ಹಾರಿದ ಆ ಮೊದಲ ವರ್ಷದ ಬಸ್ಸು ನೆನಪಾಯಿತು. ಸಿಟ್ಟು ಮಾಡಿಕೊಳ್ಳಬೇಕು. ಆದರೆ ಸಿಟ್ಟು ಒಬ್ಬರೇ ಕೂತು ಮಾಡಿಕೊಳ್ಳುವಂಥದ್ದಲ್ಲ, ಎದುರಿಗೆ ಯಾರಾದರೂ ಬೇಕು. ಹನ್ನೊಂದು ವರ್ಷ ಎದುರಾಡದ ಊರಿನಲ್ಲಿ ಎಲ್ಲಿಂದ ತರಲಿ? ದಾರಿಯಲ್ಲಿ ಹೋಗುತ್ತಿದ್ದವಳ ಕೈಯಲ್ಲಿ ರೇಣವ್ವನಿಗೆ ಹೇಳಿಕಳಿಸಿದೆ.

ಬಂದಳು, ಮತ್ತೆ ಅದೇ ನಗು ಹಚ್ಚಿಕೊಂಡು.

“ನಗಬ್ಯಾಡ,” ಅಂದೆ. “ನನಗ ಎಲ್ಲಾ ಗೊತ್ತಾಗೇತಿ. ತೊಟ್ಟಿ ಸಾಯಾಕತ್ತೈತಿ. ನನ್ನ ಜೋಡಿ ಜಗಳಾ ತಗಿ.”

ಅವಳ ಮುಖದ ನಗು ಬಿದ್ದುಹೋಯಿತು. “ಏನಂತೀರಿ ಅಕ್ಕಾರ? ಊರ ಕಟ್ಟ...”

“ಊರ ಕಟ್ಟಿಗಿಷ್ಟು ಬೆಂಕಿ ಹಾಕು! ನೀ ಬಂದ ದಿನದಿಂದ ನನ್ನ ತಮ್ಮ ನನ್ನ ಮನಿ ಕಟ್ಟಿ ಹತ್ತಿಲ್ಲ. ಬೀದ್ಯಾಗ ನಿಂತು ಹಾರ್ನ್ ಹೊಡದು ಹೋಗ್ತಾನ, ಹಾಲು ಹಾಕಾಂವ ಹೊಡದಂಗ. ಯಾರು ಕಲಿಸಿದ್ರು ಅದನ್ನ? ನೀನ!” ಈ ಮಾತು ಸುಮ್ಮನೆ ಕೆಣಕಲು ಆಡಿದ್ದಲ್ಲ. ಎಷ್ಟೋ ವರ್ಷದಿಂದ ಹೊಟ್ಟೆಯಲ್ಲಿ ಇದ್ದದ್ದು. ಕೈ ತೊಟ್ಟಿಯೊಳಗೆ ಇತ್ತು, ಕಲಕುತ್ತಲೇ ಇದ್ದೆ.

ರೇಣವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ನಾನೇನ್ರಿ? ಕಟ್ಟಿ ಹತ್ತಾಕ ನೀವು ಎಲ್ಲಿ ಬಿಟ್ರಿ? ನಾ ಮಾಡಿದ್ದು ಯಾವುದರೆ ನಿಮಗ ಸೇರೇತೇನು? ರೊಟ್ಟಿ ದಪ್ಪ, ಸಾರು ತೆಳ್ಳಗ, ನಡಿಗಿ ಜೋರು! ತಿರುಗಿ ಒಂದು ಮಾತು ಆಡಂಗಿಲ್ಲ, ಊರ ಎಣ್ಣಿ ಕೆಡತೈತಿ! ಹನ್ನೊಂದು ವರ್ಷ ನಿಮ್ಮ ಮುಂದ ಹಲ್ಲು ಕಿಸದು ಕಿಸದು ನನ್ನ ದವಡಿ ಬ್ಯಾನಿ ಹತ್ತೇತಿ! ಒಂದು ಎಮ್ಮಿ ಸತ್ತದ್ದಕ್ಕ ಐದು ದಿನ ಅತ್ರಿ. ಆ ಎಣ್ಣಿ ಹಾಕಿದ ಜೀಪು ನನ್ನ ಗಂಡನ್ನ ನಡು ಗುಡ್ಡದಾಗ ಬಿಟ್ಟು ನಿಂತ್ಕೊಂತು!”

“ಎಮ್ಮಿ ಸುದ್ದಿ ತಗೀಬ್ಯಾಡ!”

“ತಗೀತೀನ್ರಿ! ನನ್ನ ಮೊದಲನೇ ಬಸಿರು ಇಳದದ್ದು ನಿಮಗ ಗೊತ್ತೈತೇನು ಯಾವತ್ತಂತ? ತೊಟ್ಟಿಯ ಎರಡನೇ ದಿನ. ಮೂರನೇ ದಿನ ಗುರುಬಸಪ್ಪನವರು ಬಂದು, ನೀ ಕಾಣಲಿಲ್ಲಂದ್ರ ಆಕಿಗೆ ಸಂಶಯ ಬರತೈತಿ, ಒಂದೀಟು ಮುಖ ತೋರಿಸಿ ಬಾರವ್ವಾ ಅಂದ್ರು. ಹೊಟ್ಟಿಗೆ ಬಟ್ಟಿ ಬಿಗದು ಕಟಗೊಂಡು ನಿಮ್ಮ ಮುಂದ ಬಂದು ನಕ್ಕು ಹೋಗೇನಿ! ನೀವು ಅವತ್ತ ನನ್ನ ನಡಿಗಿಗೆ ಹೆಸರಿಟ್ರಿ, ಆಕಳ ಹಂಗ ಎಳೀತೀ ಅಂತ! ಹತ್ತನೇ ದಿನ ಸಾಲಿನ್ಯಾಗ ನಿಂತು ಹೇಳಬೇಕಾತು, ನನಗಿಂತ ಮುಂದ ಒಂಬತ್ತು ಮಂದಿ ಇದ್ರು!”

ಆ ಸಾಲು ನನಗೆ ನೆನಪಿತ್ತು. ಅವಳು ಬರುವ ಹೊತ್ತಿಗೆ ಅತ್ತು ಅತ್ತು ನನಗೆ ಸಾಕಾಗಿತ್ತು. ಏನೋ ಎರಡು ಮಾತು ಹೇಳಿ ಕಳಿಸಿದ್ದೆ. ಈಗ ಕೇಳಿ ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಅಡಿಯಿಂದ ಮುಡಿಯವರೆಗೆ ಉರಿಯುವ ಸಿಟ್ಟು. ಈ ಕಟ್ಟಿನ ಮೇಲೆ, ಬಸಿರು ಕಳೆದುಕೊಂಡ ಹುಡುಗಿಯನ್ನು ನಗಲು ಕಳಿಸಿದ ಗುರುಬಸಪ್ಪನ ಮೇಲೆ, ಅದನ್ನು ಸಹಿಸಿದ ಇವಳ ಮೇಲೆ, ನಗುಮುಖಗಳ ಹಿಂದೆ ಏನಿದೆ ಎಂದು ಒಂದು ದಿನವೂ ಕೇಳದ ನನ್ನ ಮೇಲೆ, ಜಾಕಿಯ ಕೆಳಗೆ ಕಲ್ಲಿಡು ಎಂದು ನೂರು ಸಲ ಹೇಳಿದರೂ ಇಡದ ಆ ಫಕೀರಪ್ಪನ ಮೇಲೆ. “ಆಗ ಯಾಕ ನನ್ನ ಕಪಾಳಕ್ಕ ಬಾರಿಸಲಿಲ್ಲ ನೀನು!” ಎಂದು ಚೀರಿದೆ. “ಬಾರಿಸ್ತಿದ್ದೆ, ನಿಮ್ಮ ಎಣ್ಣಿ ಅಡ್ಡ ಬಂತು!” ಎಂದು ಅವಳೂ ಚೀರಿದಳು. ಬಾಯಿಗೆ ಬಂದದ್ದೆಲ್ಲ ಆಡಿದೆವು. ಮದುವೆಯಲ್ಲಿ ಕೊಟ್ಟ ಸೀರೆಯಿಂದ ಹಿಡಿದು ಕಳೆದ ಪಂಚಮಿಯ ಉಂಡಿಯವರೆಗೆ ಒಂದನ್ನೂ ಬಿಡಲಿಲ್ಲ. ಹೊರಗೆ ಜನ ಕೂಡಿದ್ದರು. ಗುರುಬಸಪ್ಪನವರು ಬಾಗಿಲಲ್ಲಿ ನಿಂತು, “ಅಯ್ಯೋ, ಎಣ್ಣಿ! ನಿಲ್ಲಸ್ರವ್ವಾ!” ಎಂದು ಬಾಯಿ ಬಡಿದುಕೊಂಡರು. ನಾವಿಬ್ಬರೂ ಒಟ್ಟಿಗೇ ತಿರುಗಿ, “ನೀವು ಸುಮ್ಕಿರ್ರಿ!” ಎಂದೆವು.

ಆಗ ಕೇಳಿದ್ದು ಸದ್ದು. ತೊಟ್ಟಿ ಕೊತಕೊತ ಎನ್ನುತ್ತಿತ್ತು. ಬೆಂಕಿ ಇಲ್ಲದೆ ಕುದಿಯುವ ಹಾಗೆ ಗುಳ್ಳೆಗಳು ಅಂಗೈಯಗಲ ಎದ್ದು ಒಡೆಯುತ್ತಿದ್ದವು. ನನ್ನ ಕೈ ಮೊಣಕೈವರೆಗೆ ಕೆಂಪಾಗಿತ್ತು. ಮುಚ್ಚಳ ಹಾಕಿದರೆ ನಿಲ್ಲಲಿಲ್ಲ, ಒರಳುಕಲ್ಲು ಹೇರಿದೆವು. ರೇಣವ್ವನೂ ನಾನೂ ಎರಡು ಕಡೆಯಿಂದ ಹಿಡಿದು ಹೇರಿದೆವು. ಮಧ್ಯಾಹ್ನಕ್ಕೂ ಸಂಜೆಗೂ ಅವಳು ದವಾಖಾನೆಯಿಂದ ಬಂದು ನಿಂತು, ಉಳಿದಿದ್ದನ್ನು ಆಡಿ ಹೋದಳು.

ಒಂಬತ್ತನೇ ದಿನ ಬೆಳಿಗ್ಗೆ ಎಣ್ಣೆ ಇಳಿಸಿದೆವು. ಯಾವಾಗಲೂ ಜೇನಿನ ಬಣ್ಣ ಇರುತ್ತಿದ್ದದ್ದು ಈ ಸಲ ಕೆಂಡದ ಬಣ್ಣಕ್ಕೆ ತಿರುಗಿತ್ತು. ಇಮಾಮಸಾಬ ಎರಡು ಹನಿ ಕಲ್ಲಿನ ಮೇಲೆ ಹಾಕಿ ಕಡ್ಡಿ ಗೀರಿ ಹಿಂದೆ ಜಿಗಿದ. “ಏರಿಗೆ ಇದು ಸಾಕ್ರಿ,” ಎಂದ. “ಎಂಜಿನ್ ತಡಕೊಂಡ್ರ.”

“ತಡಕೊಳ್ಳಲಿಲ್ಲಂದ್ರ?”

“ನಡು ದಾರ್ಯಾಗ ಸಿಡಿತೈತಿ.” ಅವನು ಕ್ಯಾನು ಎತ್ತಿಕೊಂಡ. “ಬ್ಯಾರೆ ಎಣ್ಣಿ ಎಲ್ಲೈತ್ರಿ ಈಗ?”

ದವಾಖಾನೆಯ ಹತ್ತಿರ ನಾನು ಹೋಗಲಿಲ್ಲ. ಎರಡನೇ ಕ್ಯಾನಿಗೆ ನಾನು ಇನ್ನೂ ಎಣ್ಣೆ ಸೋಸುತ್ತಿದ್ದೆ, ದಾರಿಯ ಮಧ್ಯೆ ಅದೂ ಬೇಕಾಗಬಹುದಿತ್ತು. ಅವನ ಮುಖ ನೋಡಿದರೆ ನನಗೆ ಏನಾಗುತ್ತದೋ ಗೊತ್ತಿರಲಿಲ್ಲ. ಕ್ಯಾನು ಬೇರೆಯವರ ಕೈಯಲ್ಲಿ ಕಳಿಸಿ ಕಟ್ಟೆಯ ಮೇಲೆ ಕೂತೆ. ಜೀಪು ಶುರುವಾದ ಸದ್ದಿಗೆ ಬೇವಿನ ಮರದ ಕಾಗೆಗಳೆಲ್ಲ ಹಾರಿದವು.

ನಮ್ಮ ಏರಿನಲ್ಲಿ ಪ್ರತಿ ತಿರುವಿಗೂ ಹಾರ್ನ್ ಹೊಡೆಯಬೇಕು. ಗುಡ್ಡ ಬಟ್ಟಲಿನ ಹಾಗಿರುವುದರಿಂದ ಒಂದೊಂದೂ ಊರೊಳಗೆ ಕೇಳುತ್ತದೆ. ಬೀದಿಯಲ್ಲಿ ಜನ ಗುಡ್ಡದ ಕಡೆ ಮುಖ ಮಾಡಿ ನಿಂತಿದ್ದರು. ಒಂದು, ಎರಡು, ಮೂರು. ಬೆರಳು ಮಡಚುತ್ತಾ ಕೂತೆ. ಆರು. ಆಮೇಲೆ ಏಳನೆಯದು ಕೇಳಲಿಲ್ಲ. ಎಂಜಿನ್ ಸದ್ದು ಕೊರಗಿದ ಹಾಗೆ ಕೆಳಗಿಳಿಯಿತು. ನನ್ನ ಬಾಯಿಂದ ತಾನಾಗಿ ಬಂತು, “ಹತ್ತೋ ಮೂಳಾ! ಕಲ್ಲು ಇಡದಾಂವ, ಹತ್ತು!” ಏಳನೆಯ ಹಾರ್ನ್ ಕೇಳಿತು. ಎಂಟು, ಒಂಬತ್ತು ಒಂದರ ಹಿಂದೊಂದು ಬಂದವು. ಹನ್ನೆರಡನೇ ತಿರುವಿಗೆ ದೊಡ್ಡ ಸ್ಫೋಟವಾಗಿ ಗುಡ್ಡವೆಲ್ಲ ಗುಡುಗಿತು. ಗುರುಬಸಪ್ಪನವರು ಅಲ್ಲೇ ಕುಸಿದು ಕೂತರು. ನನ್ನ ಬೆರಳು ಮಡಚಿದಂತೆ ಉಳಿಯಿತು. ಆಮೇಲೆ ಎಂಜಿನ್ ಮೊದಲಿಗಿಂತ ಎರಡು ಪಟ್ಟು ಜೋರಾಗಿ ಕೂಗಿತು. ಒಡೆದದ್ದು ಬರೀ ಸೈಲೆನ್ಸರ್. ಹದಿಮೂರು, ಹದಿನಾಲ್ಕು.

ಹದಿನೆಂಟನೇ ತಿರುವಿನಲ್ಲಿ, ಗುಡ್ಡದ ನೆತ್ತಿಯಿಂದ ಹಾರ್ನ್ ಮೂರು ಸಲ ಕೇಳಿತು. ಎರಡು ಉದ್ದ, ಮೂರನೆಯದು ತುಂಡು. ಇಮಾಮಸಾಬ ಕಲಿತುಕೊಂಡಿದ್ದ.

ಹತ್ತನೇ ದಿನ ಎಂದಿನಂತೆ ಸಾಲು ನಿಂತಿತು. ಮೊದಲಿಗೆ ಗುರುಬಸಪ್ಪನವರಿದ್ದರು. ರೇಣವ್ವನ ಬಸಿರಿನ ಮಾತೆತ್ತಿ ನಾನು ಅವರನ್ನು ಜಾಡಿಸಿದೆ. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಲೆ ಎತ್ತಿ, “ತಪ್ಪು ನಂದ ಐತ್ರಿ. ಆದ್ರ ನೀವೂ ಏನು ಕಡಿಮಿ ಇಲ್ಲ ಬಿಡ್ರಿ” ಎಂದರು. ಹನ್ನೊಂದು ವರ್ಷದ ನಂತರ ಊರಿನ ಹಿರಿಯರೊಬ್ಬರು ನನಗೆ ತಿರುಗಿ ಮಾತಾಡಿದ್ದು ಅದೇ ಮೊದಲು. ಅವರನ್ನು ಒಳಗೆ ಕರೆದು ಚಹಾ ಕೊಟ್ಟೆ.

ಫಕೀರಪ್ಪ ಬಂದದ್ದು ಎರಡು ತಿಂಗಳ ಮೇಲೆ. ನಾನು ತೊಟ್ಟಿಯ ಬಳಿ ಇದ್ದೆ, ಮೂರನೇ ದಿನದ ಸರದಿ ನಡೆದಿತ್ತು. ಕೋಲು ಊರುವ ಸದ್ದು ಕೇಳಿ ತಿರುಗಿ ನೋಡಿದರೆ ಅವನು ಕಟ್ಟೆ ಹತ್ತುತ್ತಿದ್ದ, ಒಂದೊಂದೇ ಮೆಟ್ಟಿಲು, ರೇಣವ್ವನ ಭುಜ ಹಿಡಿದುಕೊಂಡು. ಸೊರಗಿ ಅರ್ಧ ಆಗಿದ್ದ. ಬಾಗಿಲಿಗೆ ಒರಗಿ ನಿಂತು ಉಸಿರು ತೆಗೆದುಕೊಂಡ.

“ಅಕ್ಕಾ, ಏನು ಎಣ್ಣಿ ಮಾಡಿದ್ದೀ ನೀ?” ಎಂದ. “ಜ್ವರದಾಗ ನನಗ ಏನೂ ತಿಳೀತಿದ್ದಿಲ್ಲ. ಆದ್ರ ದಾರಿಯುದ್ದಕ್ಕೂ ಆ ಜೀಪು ನಿನ್ನ ದನಿಲೆ ನನ್ನ ಬೈಕೋತ ಹೋತು. ಎರಡು ಸಲ ಕಣ್ಣು ಮುಚ್ಚಿ ಹೋಗಿಬಿಡೂಣು ಅನಸ್ತು. ಹೋದ್ರ ಎಲ್ಲಿ ಹಿಂದ ಬಂದು ಬೈತೀಯೋ ಅಂತ ಸಾಯಾಕೂ ಅಂಜಿಕಿ ಆತು.”

“ಕಲ್ಲು ಇಟ್ಟಿದ್ದಿಲ್ಲ ಅಲ್ಲ ಜಾಕಿಗೆ?” ಎಂದು ಗದರಿಸಿದೆ.

“ಇಟ್ಟಿದ್ದಿಲ್ಲ,” ಎಂದ.

ಆಗ ಬಂತು ನನಗೆ ಅಳು. ಎರಡು ತಿಂಗಳ ಹಿಂದಿನ ಆ ಎಂಟನೇ ದಿನದಿಂದ ತಡೆದಿಟ್ಟದ್ದೆಲ್ಲ ಒಂದೇ ಸಲಕ್ಕೆ ನುಗ್ಗಿತು, ನನ್ನ ಎರಡೂ ಕೈ ತೊಟ್ಟಿಯೊಳಗೆ ಇರುವಾಗಲೇ. ರೇಣವ್ವ ಗಂಡನ ಭುಜ ಬಿಟ್ಟು ಓಡಿಬಂದು ನನ್ನ ಕೈಗಳನ್ನು ಹೊರಗೆ ಎಳೆದಳು, ತನ್ನ ಸೆರಗಿನಿಂದ ಮೊಣಕೈವರೆಗೆ ಒರೆಸಿದಳು. “ಮೊದಲ ಅತ್ತು ಮುಗಿಸ್ರಿ ಅಕ್ಕಾರ. ಎಣ್ಣಿ ಎಲ್ಲಿ ಓಡಿ ಹೋಗತೈತಿ?” ಎಂದಳು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಮುಗಿಯುವವರೆಗೂ ಅವಳು ನನ್ನ ಕೈ ಬಿಡಲಿಲ್ಲ.